ಮಲ್ಚರ್ ಚಲೋ ಇದೆ, ಮುಂದಿನ ಪರದೆ ಮಾತ್ರ ನಾವೇ ಹಾಕಿಸಿಕೊಳ್ಳಬೇಕು

ದ್ರಾಕ್ಷಿ ಬೆಳೆದವರಿಗೆ ಗೊತ್ತು, ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಮುಗಿದರೆ ಪಡದ (ದ್ರಾಕ್ಷಿ ತೋಟದ) ತುಂಬ ಕಡ್ಡಿ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಮೊದಲೆಲ್ಲ ಆಳು ಹಚ್ಚಿ ಆರಿಸಿ, ಒಡ್ಡಿನ ಮೇಲೆ ಒಟ್ಟಿ ಸುಡುತ್ತಿದ್ದೆವು. ಈಗ ರೊಕ್ಕ ಕೊಡ್ತೀನಿ ಅಂದರೂ ಆಳು ಸಿಗುವುದಿಲ್ಲ. ಅದಕ್ಕೇ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮ ಮಡ್ಡಿ ಹೊಲಕ್ಕೆ ಸಣ್ಣ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಫ್ಲೇಲ್ ಮಲ್ಚರ್ ತಂದೆ. ತಿರುಗುವ ಉರುಳೆಗೆ (ರೋಟರ್) ತೂಗುಬಿಟ್ಟ ಬ್ಲೇಡುಗಳಿಂದ ಕಡ್ಡಿ ಚೂರು ಮಾಡುವ ಮಷಿನ್ ಇದು. ಎರಡು ವರ್ಷ ದಾಟಿತು. ಅಗಲ, ತೂಕ, ಎಚ್‌ಪಿ ಎಲ್ಲ ಕಂಪನಿಯ ಚೀಟಿಯಲ್ಲೇ ಇದೆ, ಇಲ್ಲಿ ಬೇಡ.

ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಬೆರಳು ದಪ್ಪದ ಕಡ್ಡಿ ಚೂರಾಗಿ ಸಾಲಿನಲ್ಲೇ ಹರಡುತ್ತದೆ. ಬೇಸಿಗೆಯಲ್ಲಿ ಆ ಹಾಸನ್ನು ಸರಿಸಿದರೆ ಕೆಳಗಿನ ಮಣ್ಣು ಇನ್ನೂ ತಣ್ಣಗೆ ಇರುತ್ತದೆ. ರೋಗ ಹತ್ತಿದ ಸಾಲಿನ ಕಡ್ಡಿ ಮಾತ್ರ ಈಗಲೂ ಹೊರಗೆ ಒಯ್ದು ಸುಡುತ್ತೇವೆ. ನಾನು ತಗೊಂಡಿದ್ದು ಸುತ್ತಿಗೆ ಬ್ಲೇಡಿನದು. ಕಡ್ಡಿಗೆ ಅದೇ ಸರಿ. ಕರಕಿ ಹುಲ್ಲನ್ನು ಅಷ್ಟು ಚೊಕ್ಕ ಕತ್ತರಿಸುವುದಿಲ್ಲ. ಬರೀ ಹುಲ್ಲಿನ ಕೆಲಸ ಇದ್ದವರು ವೈ ಆಕಾರದ ಬ್ಲೇಡ್ ಕೇಳಿ.

ನನಗೆ ಖುಷಿ ಕೊಡುವುದು ಬೆಳಿಗ್ಗೆಯ ತಯಾರಿ. ಮೊದಲು ಮಲ್ಚರ್ ಎತ್ತುತ್ತೇನೆ. ಆಮೇಲೆ ಎಂಜಿನ್ ಬಂದ್, ಕೀಲಿ ನನ್ನ ಕಿಸೆಯಲ್ಲಿ. ಮಲ್ಚರ್ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಡುತ್ತೇನೆ. ಬರೀ ಹೈಡ್ರಾಲಿಕ್ ನಂಬಿ ಕೈ ಹಾಕುವುದಿಲ್ಲ. ಒಂದೊಂದೇ ಬ್ಲೇಡ್ ಕೈಯಲ್ಲಿ ತೂಗಿ ನೋಡುತ್ತೇನೆ, ಸಲೀಸಾಗಿ ಆಡಬೇಕು. ಒಂದು ಮುರಿದಿದ್ದರೆ ಅದರ ಎದುರಿನದನ್ನೂ ಜೊತೆಗೇ ಬದಲಿಸುತ್ತೇನೆ. ಇಲ್ಲದಿದ್ದರೆ ರೋಟರಿನ ತೂಕ ಒಂದು ಕಡೆ ಆಗಿ ಇಡೀ ಮಷಿನ್ ನಡುಗುತ್ತದೆ, ಬೇರಿಂಗ್ ಹೋಗುತ್ತದೆ. ಆಮೇಲೆ ಗ್ರೀಸ್ ಗನ್. ಟ್ರ್ಯಾಕ್ಟರಿನಿಂದ ಮಲ್ಚರ್‌ಗೆ ಶಕ್ತಿ ಒಯ್ಯುವ ಶಾಫ್ಟಿನ ಎರಡೂ ಕ್ರಾಸ್ (ಮಡಚುವ ಕೀಲು), ರೋಟರಿನ ಎರಡೂ ತುದಿ, ಹಿಂದಿನ ರೋಲರ್. ಹಳೇ ಗ್ರೀಸ್ ಕರ್ರಗೆ ಹೊರಬಂದು ಹಿಂದೆಯೇ ಹೊಸದು ಇಣುಕಿದಾಗ ಏನೋ ಸಮಾಧಾನ. ಮನೆಯಲ್ಲಿ ಎಲ್ಲರೂ ನಗುತ್ತಾರೆ, ನಗಲಿ. ಅಷ್ಟರಲ್ಲಿ ತಮ್ಮ ಬಕೆಟ್ ಹಿಡಿದು ಸಾಲು ಸಾಲು ಅಡ್ಡಾಡಿ ಕಲ್ಲು, ಸುತಳಿ, ತಂತಿಯ ತುಂಡು ಆರಿಸಿರುತ್ತಾನೆ.

ಇನ್ನು ಸಿಟ್ಟಿನ ವಿಷಯ. ಮಲ್ಚರ್‌ನ ಮುಂದಿನ ಬಾಯಿಗೆ, ಅಂದರೆ ಚಾಲಕನ ಬೆನ್ನಿನ ಕಡೆಗೆ, ಕಂಪನಿಯವರು ಕೊಟ್ಟಿದ್ದು ತೆಳ್ಳನೆಯ ರಬ್ಬರ್ ಪಟ್ಟಿ. ಮೊದಲ ಚಾಟ್ನಿಗೇ ಕಡ್ಡಿ ತಿವಿದು ತಿವಿದು ಹರಿದು ಹೋಯಿತು. ಕಲ್ಲಿಗೆ ಬಡಿದರೆ ಬ್ಲೇಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಫ್ಯಾನಿನ ಹಾಗೆ ಬ್ಲೇಡ್ ತಿರುಗುವ ಸ್ಲ್ಯಾಶರ್‌ನಷ್ಟು ದೂರ ಎಸೆಯುವುದಿಲ್ಲ ಅಂತಾರೆ. ಅದು ನಿಜವೇ. ಆದರೆ ದ್ರಾಕ್ಷಿ ಪಡದಲ್ಲಿ ಎಷ್ಟು ಆರಿಸಿದರೂ ಒಂದು ತಂತಿ ತುಂಡು ಉಳಿದೇ ಉಳಿಯುತ್ತದೆ. ಅಂಥದ್ದೊಂದು ಹರಿದ ಪಟ್ಟಿಯ ಸಂದಿಯಿಂದ ಹಾರಿ ನನ್ನ ಸೀಟಿನ ಬೆನ್ನಿಗೆ ನಾಟಿತು. ನಾಲ್ಕು ಬೆರಳು ಮೇಲೆ ಬಂದಿದ್ದರೆ? ಮಾರಿದವರಿಗೆ ಫೋನ್ ಮಾಡಿದರೆ, 'ಅದು ಸವೆಯೋ ಸಾಮಾನು ರೀ, ವಾರಂಟಿ ಬರಲ್ಲ' ಅಂದರು. ಸರಪಳಿ ಪರದೆ ಬೇಕಾದರೆ ಬೇರೆ ರೊಕ್ಕವಂತೆ. ಚಾಲಕನ ಬೆನ್ನು ಕಾಯುವ ವಸ್ತು ಎಕ್ಸ್‌ಟ್ರಾ ಅಂತೆ! ಎಚ್ಚರಿಕೆಯ ಸ್ಟಿಕರ್‌ಗಳೂ ಇಂಗ್ಲಿಷ್‌ನಲ್ಲೇ. ನಮ್ಮ ಆಳುಗಳು ಓದೋದು ಹೇಗೆ?

ಕೊನೆಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒತ್ತೊತ್ತಾಗಿ ಎರಡು ಸಾಲು ಸರಪಳಿ ಇಳಿಬಿಡಿಸಿದೆ. ಅಲ್ಲಿಂದ ಹಿಂದೆ ತಿರುಗಿ ನೋಡುವ ಭಯ ಕಡಿಮೆ ಆಗಿದೆ. ಆದರೂ ಮಷಿನ್ ಓಡುವಾಗ ಆ ಪಡದಲ್ಲಿ ಯಾರೂ ಇರಬಾರದು. ಮಡ್‌ಗಾರ್ಡ್ ಮೇಲೆ ಹುಡುಗರನ್ನು ಕೂರಿಸುವುದಂತೂ ಬೇಡವೇ ಬೇಡ.

ಹೊಸದಾಗಿ ತಗೊಂಡವರಿಗೆ ಎರಡು ಮಾತು. ಪಿಟಿಒ, ಅಂದರೆ ಎಂಜಿನ್ ಶಕ್ತಿಯನ್ನು ಹಿಂದಿನ ಮಷಿನ್‌ಗೆ ಕೊಡುವ ಟ್ರ್ಯಾಕ್ಟರಿನ ಗೂಟ, ನಿಮಿಷಕ್ಕೆ 540 ಸುತ್ತಿನಲ್ಲಿದ್ದಾಗ ಶಾಫ್ಟ್ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಹೆಗಲ ಮೇಲಿನ ಟವೆಲ್ ಸಿಕ್ಕರೆ ಬಿಡಿಸಿಕೊಳ್ಳಲು ಟೈಮೇ ಇರುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದ ದಿನವೇ ಬದಲಿಸಿ. ಪಿಟಿಒ ಬಂದ್ ಮಾಡಿದರೂ ರೋಟರ್ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವ ತನಕ ಸೀಟಿನಿಂದ ಇಳಿಯಬೇಡಿ. ಕಡ್ಡಿ ಜಾಸ್ತಿ ಇದ್ದಲ್ಲಿ ರೇಸ್ ಏರಿಸಬೇಡಿ, ಗೇರ್ ಇಳಿಸಿ.

ಎರಡು ಮೂರು ಎಕರೆ ಇದ್ದವರಿಗೆ ಖರೀದಿ ಸುಮ್ನೆ ಭಾರ, ಬಾಡಿಗೆಗೆ ತರಿಸಿ. ನನ್ನಷ್ಟು ಪಡ ಇದ್ದರೆ ಆಳಿನ ಖರ್ಚಿನಲ್ಲೇ ಗಿಟ್ಟುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಸರಪಳಿ ಹಾಕಿಯೇ ಮಾರಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.