ಫೋನಿಗೆ ಸಾಲ: ಅಂಗಡಿ ಇಎಂಐ, ಟೆಲಿಕಾಂ ಗ್ಯಾಲರಿ, ಎಫ್‌ಡಿ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಫ್‌ಡಿ (ಬ್ಯಾಂಕಿನ ನಿಶ್ಚಿತ ಠೇವಣಿ) ಮೇಲೆ ಸಿಗುವ ಕ್ರೆಡಿಟ್ ಕಾರ್ಡಿಗೆ. ಮುಂಬಯಿಯಲ್ಲಿ ಪಗಾರ ಕೈಗೆ ನಗದಾಗಿ ಬರುವವರಿಗೆ, ಆಧಾರಿನಲ್ಲಿ ಇನ್ನೂ ಊರಿನ ವಿಳಾಸವೇ ಇರುವವರಿಗೆ ಕಂತಿನ ಮೇಲೆ ಫೋನ್ ಕೊಳ್ಳಲು ಇದಕ್ಕಿಂತ ನೆಟ್ಟಗಿನ ದಾರಿ ನನಗಂತೂ ಕಂಡಿಲ್ಲ. ನಮ್ಮ ಮನೆಗೆ ಈಚೆಗೆ ಬಂದ ಮೂರು ಫೋನುಗಳು ಮೂರು ದಾರಿಯಲ್ಲಿ ಬಂದವು. ನನ್ನದು ಡೊಂಬಿವಲಿ ಸ್ಟೇಷನ್ ಬಳಿಯ ಮೊಬೈಲ್ ಅಂಗಡಿಯಿಂದ ಫೈನಾನ್ಸ್ ಕಂಪನಿಯ ಇಎಂಐ ಮೇಲೆ, ಹೆಂಡತಿಯದು ಒಂದು ಟೆಲಿಕಾಂ ಕಂಪನಿಯ ಗ್ಯಾಲರಿಯಿಂದ ಪೋಸ್ಟ್‌ಪೇಯ್ಡ್ ಪ್ಲಾನಿನ ಜೊತೆ, ಅಕ್ಕನ ಮಗನದು ಎಫ್‌ಡಿ ಕಾರ್ಡಿನ ಮೇಲೆ. ಕ್ಯಾಮೆರಾ, ಬ್ಯಾಟರಿ, ರ್‍ಯಾಮ್ ಎಲ್ಲ ಬಿಟ್ಟೆ, ಅವನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಅಂಗಡಿಯ ‘ನೋ ಕಾಸ್ಟ್ ಇಎಂಐ’ಯಲ್ಲಿ ನನಗೆ ದೊಡ್ಡ ತೊಂದರೆಯೇನೂ ಆಗಲಿಲ್ಲ. ಹಳೆಯ ಬೈಕ್ ಸಾಲ ತೀರಿಸಿದ ದಾಖಲೆ ಇತ್ತು, ಅದರ ಮೇಲೆ ಸಿಗುವ ಕ್ರೆಡಿಟ್ ಸ್ಕೋರು ಚೆನ್ನಾಗಿತ್ತು, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆದರೆ ಹೆಸರಿನಲ್ಲಿ ಇರುವಷ್ಟು ‘ನೋ ಕಾಸ್ಟ್’ ಲೆಕ್ಕದಲ್ಲಿ ಇಲ್ಲ. 18,000 ರೂಪಾಯಿಯ ಫೋನಿಗೆ ತಿಂಗಳಿಗೆ 3,000ದಂತೆ ಆರು ಕಂತು ಅಂದರೆ ಬಡ್ಡಿ ಇಲ್ಲವೆಂದೇ ಅನಿಸುತ್ತದೆ. ಒಳಗೆ ನಡೆಯುವುದು ಬೇರೆ. ಶೇ. 16ರ ದರ ಹಿಡಿದರೆ ಸುಮಾರು 811 ರೂಪಾಯಿ ಬಡ್ಡಿ, ಅಷ್ಟನ್ನು ಮೊದಲೇ ಬೆಲೆಯಲ್ಲಿ ಡಿಸ್ಕೌಂಟ್ ಎಂದು ಇಳಿಸಿ, ಉಳಿದ 17,189ಕ್ಕೆ ಸಾಲ ಬರೆಯುತ್ತಾರೆ. ಕ್ರೆಡಿಟ್ ಕಾರ್ಡಿನ ಇಎಂಐ ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 146 ರೂಪಾಯಿ. 199ರ ಪ್ರೊಸೆಸಿಂಗ್ ಫೀ ಇದ್ದರೆ ತೆರಿಗೆ ಸೇರಿ 235. ಅಲ್ಲಿಗೆ ಸುಮಾರು 380 ರೂಪಾಯಿ ಹೋಯಿತು. ನಗದು ಕೊಟ್ಟವರಿಗೆ ಅಂಗಡಿಯವರು ಬಿಡುವ ಐನೂರೋ ಸಾವಿರವೋ ಬೇರೆ ಕೈತಪ್ಪುತ್ತದೆ. ಶೂನ್ಯ ಬಡ್ಡಿ ಎನ್ನುವುದು ಇರುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು. ಬೋರ್ಡಿನಲ್ಲಿ ‘ಶೂನ್ಯ ಬಡ್ಡಿ’ ಹೋಗಿ ‘ನೋ ಕಾಸ್ಟ್’ ಬಂತು, ಅಷ್ಟೇ. ಆದರೂ ಆರು ತಿಂಗಳ ಅನುಕೂಲಕ್ಕೆ 380 ರೂಪಾಯಿ ಏನೂ ಅನ್ಯಾಯ ಅಲ್ಲ.

ಅನ್ಯಾಯ ಆದದ್ದು ಅಕ್ಕನ ಮಗನಿಗೆ. ಅವನು ಕುಂದಾಪುರದ ಕಡೆಯವನು, ಮುಲುಂಡಿನ ಹೋಟೆಲೊಂದರಲ್ಲಿ ಕೆಲಸ. ಪಗಾರ ನಗದು, ವಾಸ ಹೋಟೆಲಿನ ಖೋಲಿಯಲ್ಲಿ, ಇಲ್ಲಿಯ ವಿಳಾಸಕ್ಕೆ ಒಂದು ಚೀಟಿಯೂ ಇಲ್ಲ. ಜೀವನದಲ್ಲಿ ಯಾರ ಹತ್ತಿರವೂ ಸಾಲ ಮಾಡಿದವನಲ್ಲ. ನಮ್ಮ ಊರಿನ ಲೆಕ್ಕದಲ್ಲಿ ಇದು ಮರ್ಯಾದೆ, ಸಾಲದ ದಾಖಲೆ ಇಟ್ಟು ಸ್ಕೋರು ಕೊಡುವ ಸಿಬಿಲ್ ಕಂಪನಿಯ ಲೆಕ್ಕದಲ್ಲಿ ಇದು ‘ಎನ್‌ಎಚ್’, ಅಂದರೆ ಚರಿತ್ರೆಯೇ ಇಲ್ಲದವನು. ಸ್ಕೋರಿನ 300ರಿಂದ 900ರ ನಡುವೆ ಎಲ್ಲಿಯೂ ಅವನಿಗೆ ಜಾಗ ಇಲ್ಲ.

ಅವನ ಹಳೆಯ ಫೋನಿನ ಡಿಸ್‌ಪ್ಲೇ ಸತ್ತಿತ್ತು. ಹಾಗಾಗಿ ಓಟಿಪಿಗೆಂದು ಅವನ ಸಿಮ್ಮನ್ನು ನನ್ನ ಫೋನಿಗೆ ಹಾಕಿ, ನಾನು ಕೊಂಡ ಅಂಗಡಿಗೇ ಕರೆದುಕೊಂಡು ಹೋದೆ. ಕೌಂಟರಿನ ಹುಡುಗ ಬಲು ಉತ್ಸಾಹಿ. ಪ್ಯಾನ್ ಕಾರ್ಡಿನ ಫೋಟೋ ತೆಗೆದ, ಟ್ಯಾಬಿನಲ್ಲಿ ಏನೋ ಒತ್ತಿದ, ‘ಓಟಿಪಿ ಬೋಲೋ’ ಅಂದ. ಹೇಳಿದೆ. ಆಗಲಿಲ್ಲ. ‘ಇದು ಬಿಡಿ ಸಾರ್, ಇನ್ನೊಂದು ಫೈನಾನ್ಸ್ ಇದೆ’ ಅಂದ. ಮತ್ತೆ ಓಟಿಪಿ. ಅದೂ ಇಲ್ಲ. ಮೂರನೆಯದಕ್ಕೆ ಊರಿನ ಪಿನ್‌ಕೋಡ್ ಹಿಡಿಸಲಿಲ್ಲ, ಆಮೇಲಿನದಕ್ಕೆ ಏನು ಹಿಡಿಸಲಿಲ್ಲವೆಂದು ಅದೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪಕ್ಕದಲ್ಲಿ ನಿಂತ ಅಳಿಯನ ಮುಖ ಸಣ್ಣದಾಯಿತು. ‘ಮಾವ, ನಾನು ಏನು ತಪ್ಪು ಮಾಡಿದ್ದೆ?’ ಅಂತ ಕೇಳಿದ.

ಸಂಜೆ ಒಂದರ ಹಿಂದೆ ಒಂದು ಎಸ್‌ಎಂಎಸ್: ನಿಮ್ಮ ಕ್ರೆಡಿಟ್ ವರದಿಯನ್ನು ಇಂಥ ಸಂಸ್ಥೆ ನೋಡಿದೆ ಎಂದು. ಯಾರಾದರೂ ವರದಿ ತೆಗೆದರೆ ಗ್ರಾಹಕನಿಗೆ ತಿಳಿಸಲೇಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದ್ದರಿಂದ ಇಷ್ಟಾದರೂ ಗೊತ್ತಾಯಿತು. ಅಂಗಡಿಯಲ್ಲಿ ನಾವು ಹೇಳಿದ ಒಂದೊಂದು ಓಟಿಪಿಯೂ ಒಂದೊಂದು ಕಂಪನಿಗೆ ಕೊಟ್ಟ ಒಪ್ಪಿಗೆ. ಫೋನಿಗೆ ಒಂದೇ ಅರ್ಜಿ ಹಾಕಿದ್ದೇವೆ ಎಂದು ನಾವು ತಿಳಿದಿರುತ್ತೇವೆ, ಆಚೆ ಕಡೆ ಅದು ಸಾಲು ಸಾಲು ಸಾಲದರ್ಜಿ. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರಿಗೆ ಏನೂ ಆಗುವುದಿಲ್ಲ. ಸಾಲ ಕೊಡುವವರು ನೋಡಿದರೆ ಅದು ‘ಹಾರ್ಡ್ ಎನ್‌ಕ್ವೈರಿ’ ಎಂದು ದಾಖಲಾಗುತ್ತದೆ. ಒಂದೆರಡು ಆದರೆ ಪರವಾಗಿಲ್ಲ. ಒಂದೇ ದಿನ ಸಾಲಾಗಿ ಬಂದರೆ ಮುಂದೆ ಸಾಲ ಕೊಡುವವನಿಗೆ ಕಾಣುವುದು ದುಡ್ಡಿಗಾಗಿ ಬಾಗಿಲು ಬಾಗಿಲು ಬಡಿಯುವ ಮನುಷ್ಯ.

ಅಳಿಯನ ವರದಿ ಇಳಿಸಿಕೊಂಡು ನೋಡಿದೆವು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅದಕ್ಕೆ ಮಧ್ಯದ ಆ್ಯಪ್‌ಗಳು ಬೇಡ, ನೇರ ಅವರ ಜಾಲತಾಣಕ್ಕೇ ಹೋಗಿ. ಅವನ ವರದಿಯಲ್ಲಿ ಖಾತೆಗಳ ಭಾಗ ಖಾಲಿ. ಅದರ ಕೆಳಗೆ ಎನ್‌ಕ್ವೈರಿ ಭಾಗದಲ್ಲಿ ಒಂದೇ ತಾರೀಖಿನಲ್ಲಿ ಕಂಪನಿಗಳ ಹೆಸರು, ಎಲ್ಲರ ಮುಂದೆಯೂ ‘ಕನ್ಸ್ಯೂಮರ್ ಲೋನ್’ ಎಂಬ ಉದ್ದೇಶ, ಅದೇ ಫೋನಿನ ಅದೇ ಮೊತ್ತ. ಒಂದು ರೂಪಾಯಿ ಸಾಲ ಸಿಗಲಿಲ್ಲ, ಸಾಲ ಕೇಳಿದ ದಾಖಲೆ ಮಾತ್ರ ಉಳಿಯಿತು. ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲದವರ ಅರ್ಜಿ ತಳ್ಳಬಾರದು ಎಂದು 2025ರಲ್ಲಿ ರಿಸರ್ವ್ ಬ್ಯಾಂಕ್ ಸೂಚನೆ ಕೊಟ್ಟಿದೆ, ಹೌದು. ಆದರೆ ಟ್ಯಾಬಿನ ಪರದೆ ಕಾರಣ ಹೇಳುವುದಿಲ್ಲವಲ್ಲ. ಕೌಂಟರಿನ ಹುಡುಗನನ್ನು ಬೈದು ಪ್ರಯೋಜನವೂ ಇಲ್ಲ. ಅವನಿಗೆ ಫೋನ್ ಮಾರಿದರೆ ಇನ್ಸೆಂಟಿವ್, ನಮ್ಮ ವರದಿ ಹಾಳಾದರೆ ಅವನ ಗಂಟೇನೂ ಹೋಗುವುದಿಲ್ಲ.

ಹಾಗಾಗಿ ಅಂಗಡಿ ಇಎಂಐ ಬೇಕೆಂದೇ ಇದ್ದರೆ ಒಂದು ಮಾತು. ಪ್ಯಾನ್ ಕೊಡುವ ಮೊದಲು ‘ಯಾವ ಕಂಪನಿಗೆ ಹಾಕುತ್ತೀರಿ? ಅದೊಂದಕ್ಕೇ ಹಾಕಿ, ಆಗದಿದ್ದರೆ ಬಿಡಿ’ ಎಂದು ಹೇಳಿ. ಎರಡನೆಯ ಓಟಿಪಿ ಬಂದರೆ ಬಾಯಿ ಬಿಡಬೇಡಿ.

ಟೆಲಿಕಾಂ ಗ್ಯಾಲರಿಯ ವ್ಯವಹಾರ ಇದಕ್ಕಿಂತ ಮರ್ಯಾದಸ್ಥ. ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ. ಆದರೆ ಅಲ್ಲಿಯೂ ಸಾಲ ಕೊಟ್ಟದ್ದು ಟೆಲಿಕಾಂ ಕಂಪನಿಯಲ್ಲ, ಹಿಂದೆ ನಿಂತ ಫೈನಾನ್ಸ್ ಕಂಪನಿಯೇ. ಕ್ರೆಡಿಟ್ ಚೆಕ್ ಅಲ್ಲಿಯೂ ಆಗುತ್ತದೆ. ಹೆಂಡತಿ ಒಮ್ಮೆ ಬ್ಯಾಂಕಿನಲ್ಲಿ ಬಳೆ ಇಟ್ಟು ಬಿಡಿಸಿಕೊಂಡಿದ್ದಳು. ಆ ಚಿನ್ನದ ಸಾಲವೇ ಅವಳಿಗೆ ಸ್ಕೋರು ತಂದುಕೊಟ್ಟಿತ್ತು. ವರ್ಷಗಟ್ಟಲೆ ತಪ್ಪದೆ ಕಟ್ಟಿದ ನನ್ನ ಪೋಸ್ಟ್‌ಪೇಯ್ಡ್ ಬಿಲ್ಲಿನ ಬಗ್ಗೆ ನನ್ನ ವರದಿಯಲ್ಲಿ ಒಂದು ಸಾಲೂ ಇಲ್ಲ, ಬಳೆಯ ಬಗ್ಗೆ ಅವಳ ವರದಿಯಲ್ಲಿ ತಿಂಗಳು ತಿಂಗಳಿನ ಲೆಕ್ಕ ಇದೆ.

ನಮ್ಮ ದೇಶದಲ್ಲಿ ಸಿಮ್ ಕಂಪನಿಗಳು ಫೋನ್ ಕೊಡಲು ನೋಡಿದ್ದು ಇದೇ ಮೊದಲಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿಗೆ ಸಿಡಿಎಂಎ ಫೋನ್ ಕೈಗಿಟ್ಟಿತ್ತು, ‘ಮಾನ್ಸೂನ್ ಹಂಗಾಮಾ’ ಎಂದು. 2017ರಲ್ಲಿ ಏರ್‌ಟೆಲ್ ಐಫೋನ್ 7ನ್ನು 7,777 ಮುಂಗಡ, ತಿಂಗಳಿಗೆ 2,499ರಂತೆ 24 ಕಂತಿಗೆ ಪ್ಲಾನ್ ಸಮೇತ ಕೊಟ್ಟಿತು. ಕೂಡಿದರೆ 67,753. 2021ರ ಜಿಯೋಫೋನ್ ನೆಕ್ಸ್ಟ್ ನಗದಿಗೆ 6,499. ಕಂತಿನಲ್ಲಾದರೆ 1,999 ಮುಂಗಡ, 501 ಪ್ರೊಸೆಸಿಂಗ್, ಕಡಿಮೆ ಪ್ಲಾನಿಗೆ 300ರಂತೆ 24 ತಿಂಗಳು, ಒಟ್ಟು 9,700. ಇದರಲ್ಲಿ ಎರಡು ವರ್ಷದ ರೀಚಾರ್ಜೂ ಸೇರಿದ್ದರಿಂದ ಮೋಸ ಅನ್ನಲಾಗದು. ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಪ್ಲಾನು ಫೋನ್ ಇಲ್ಲದಿದ್ದರೂ ನಾನು ಹಾಕಿಸುತ್ತಿದ್ದೆನಾ?

ನನ್ನ ಹೆಂಡತಿ ಹಾಕಿಸುತ್ತಿರಲಿಲ್ಲ. ಅವಳದು ತಿಂಗಳಿಗೆ 300ರ ಆಸುಪಾಸಿನ ಪ್ರಿಪೇಯ್ಡ್, ಮನೆಯಲ್ಲಿ ವೈಫೈ ಇದೆ. ಗ್ಯಾಲರಿಯ ಪ್ಲಾನು 449, ಜಿಎಸ್‌ಟಿ ಸೇರಿ 530. ತಿಂಗಳಿಗೆ 230 ಹೆಚ್ಚು, 24 ತಿಂಗಳಿಗೆ ಐದೂವರೆ ಸಾವಿರ. ಫೋನಿನಲ್ಲಿ ಬಿಟ್ಟ ಎರಡು ಸಾವಿರ ಡಿಸ್ಕೌಂಟು ಎಲ್ಲಿಗೆ ಹೋಯಿತು ಎಂದು ಅವಳೇ ಲೆಕ್ಕ ಹಾಕಿ ತೋರಿಸಿದಳು. ನಾಲ್ಕು ಸಿಮ್ ಇರುವ ಮನೆಯವರು, ದಿನವಿಡೀ ಡೇಟಾ ಸುಡುವ ಡೆಲಿವರಿ ಹುಡುಗರು, ಇವರಿಗೆ ಗ್ಯಾಲರಿ ಸರಿಹೋಗಬಹುದು.

ಇನ್ನು ನನ್ನ ಇಷ್ಟದ್ದು. ಅಳಿಯನ ಹೆಸರಿನಲ್ಲಿ ಅವನ ಖಾತೆ ಇದ್ದ ಬ್ಯಾಂಕಿನಲ್ಲೇ 20,000 ರೂಪಾಯಿ ಎಫ್‌ಡಿ ಇಟ್ಟೆವು. ಹೋಟೆಲಿನ ಭಿಶಿಯಲ್ಲಿ, ಅಂದರೆ ಚೀಟಿ ಫಂಡಿನಲ್ಲಿ, ಅವನಿಗೆ ಎದ್ದ ದುಡ್ಡು. ಬ್ಯಾಂಕು ಅದರ ಮೇಲೆ ಲೀನ್ ಹಾಕಿ, ಅಂದರೆ ಅದನ್ನು ಒತ್ತೆ ಹಿಡಿದು, ಕಾರ್ಡು ಕೊಟ್ಟಿತು. ಕನಿಷ್ಠ ಠೇವಣಿ ಎಷ್ಟು, ಅದರಲ್ಲಿ ಎಷ್ಟು ಭಾಗ ಕಾರ್ಡಿನ ಖರ್ಚಿನ ಲಿಮಿಟ್ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಪಗಾರದ ಚೀಟಿ ಕೇಳಲಿಲ್ಲ, ಸ್ಕೋರು ಇಲ್ಲವೆಂದು ಮುಖ ತಿರುಗಿಸಲಿಲ್ಲ. ದುಡ್ಡು ಅವರ ಕೈಯಲ್ಲೇ ಇದೆಯಲ್ಲ, ಇನ್ಯಾಕೆ ಭಯ! ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ.

‘ಇಪ್ಪತ್ತು ಸಾವಿರ ಇದ್ದರೆ ನಗದು ಕೊಟ್ಟೇ ತೆಗೆದುಕೊಳ್ಳಬಹುದಿತ್ತಲ್ಲ’ ಎಂದು ಅಕ್ಕ ಊರಿನಿಂದ ಫೋನ್ ಮಾಡಿ ಕೇಳಿದಳು. ಕೇಳಬೇಕಾದ ಮಾತೇ. ಬರೀ ಫೋನಿನ ಲೆಕ್ಕ ಹಿಡಿದರೆ ನಗದೇ ಅಗ್ಗ. ಆದರೆ ನಗದು ಕೊಟ್ಟರೆ ಫೋನ್ ಬರುತ್ತದೆ, ಚರಿತ್ರೆ ಬರುವುದಿಲ್ಲ. ನಾಳೆ ಬೈಕಿಗೋ ಸ್ವಂತ ಕ್ಯಾಂಟೀನಿಗೋ ಸಾಲ ಕೇಳಲು ಹೋದಾಗ ಅವನು ಮತ್ತೆ ಎನ್‌ಎಚ್. ಕಾರ್ಡಿನ ಬಿಲ್ಲು ಸುಮಾರು ಆರು ತಿಂಗಳು ಸರಿಯಾಗಿ ಕಟ್ಟಿದರೆ ಸ್ಕೋರು ಹುಟ್ಟುತ್ತದೆ, ಅವನಿಗೆ ಹುಟ್ಟಿತು. ಹೋಟೆಲಿನ ಧಣಿಗಳ ಹತ್ತಿರ ಅಡ್ವಾನ್ಸ್ ಕೇಳುವ ಹಳೆಯ ದಾರಿಯೂ ಇದೆ. ಬಡ್ಡಿ ಇಲ್ಲ, ಆದರೆ ಅದು ತೀರುವ ತನಕ ಕೆಲಸ ಬಿಡುವ ಹಾಗಿಲ್ಲ.

ಕಾರ್ಡಿನಲ್ಲಿ ಕೆಟ್ಟದ್ದೂ ಇದೆ. ಬಿಲ್ಲು ಪೂರ್ತಿ ಕಟ್ಟದೆ ‘ಮಿನಿಮಮ್ ಡ್ಯೂ’ (ಕನಿಷ್ಠ ಕಟ್ಟಬೇಕಾದ ಮೊತ್ತ) ಮಾತ್ರ ಕಟ್ಟುವ ಅಭ್ಯಾಸದವರಿಗೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು ಬಡ್ಡಿ ಬೀಳುತ್ತದೆ, ಅಂಥವರು ಇತ್ತ ತಲೆ ಹಾಕಬಾರದು. ಸಣ್ಣ ಲಿಮಿಟಿನಲ್ಲಿ 14,000ದ ಫೋನ್ ಕುಳಿತರೆ ಮುಕ್ಕಾಲು ಪಾಲು ಲಿಮಿಟ್ ತುಂಬಿ, ಸ್ಕೋರು ಮೊದಮೊದಲು ಸ್ವಲ್ಪ ಕೆಳಗೇ ಇರುತ್ತದೆ. ಕೈಯಲ್ಲಿ ಎಫ್‌ಡಿಗೆ ದುಡ್ಡೇ ಇಲ್ಲದವರಿಗೆ ಈ ದಾರಿ ಇಲ್ಲವೇ ಇಲ್ಲ. ಅವರು ಭಿಶಿ ಏಳುವ ತನಕ ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ತಳ್ಳುವುದು ಮೇಲು.

ಒಂದು ತಾಪತ್ರಯ ನಮಗೂ ಬಂತು. ಅವನ ಬಿಲ್ಲಿನ ಕೊನೆಯ ದಿನ 5, ಪಗಾರ ಕೈಗೆ ಬರುವುದು 7ರ ಮೇಲೆ. ಬಿಲ್ಲಿಂಗ್ ಸೈಕಲ್ಲನ್ನು (ಬಿಲ್ಲಿನ ತಾರೀಖುಗಳ ಸುತ್ತು) ಕನಿಷ್ಠ ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕು ಕಾರ್ಡುದಾರನಿಗೆ ಇದೆ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗೆ. ಬ್ಯಾಂಕಿಗೆ ಒಂದು ಫೋನ್ ಮಾಡಿ 15ಕ್ಕೆ ಹಾಕಿಸಿಕೊಂಡೆವು. ಕಾರ್ಡು ಕೈಗೆ ಬಂದ ದಿನವೇ ಈ ಕೆಲಸ ಮುಗಿಸಿಕೊಳ್ಳಿ.