ಹಳೇ ಆಂಟಿವೈರಸ್ಸಾ, ಹೊಸದಾ? ನಾನು ಒಂದು ತಿಂಗಳು ನೋಡಿದ್ದು

ತುಮಕೂರಿನ ಅಶೋಕ ರಸ್ತೆ ಪಕ್ಕದ ಸಂದಿಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟ್, ಎಲ್ಲಾ ಪೆನ್‌ಡ್ರೈವ್‌ನಲ್ಲೇ ಬರುತ್ತವೆ. ಜೊತೆಗೆ ವೈರಸ್ಸೂ ಬರುತ್ತದೆ. ಹಳೇ ಆಂಟಿವೈರಸ್ಸಿನ ಲೈಸೆನ್ಸ್ ಮುಗಿಯುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ರಿಪೇರಿ ಹುಡುಗ ಬಂದು, "ಅಣ್ಣ, ಇದು ಹೊಸದು, ನೂರಕ್ಕೆ ನೂರು ಹಿಡಿಯುತ್ತೆ" ಅಂದ. ನೋಡೇಬಿಡೋಣ ಅಂತ 30 ದಿನದ ಟ್ರಯಲ್ ಹಾಕಿಸಿಕೊಂಡೆ. ಎರಡರ ಹೆಸರನ್ನೂ ಹೇಳುವುದಿಲ್ಲ. ಒಂದು ಅಪ್‌ಡೇಟ್ ಬಂದರೆ ಎರಡರ ಬುದ್ಧಿಯೂ ಬದಲಾಗುತ್ತದೆ, ನನ್ನ ಮಾತು ನಂಬಿ ಯಾರೂ ದುಡ್ಡು ಹಾಕುವುದು ಬೇಡ.

ಹುಡುಗ ಮೊದಲು ತೋರಿಸಿದ್ದು ಐಕಾರ್ ಫೈಲು. 68 ಅಕ್ಷರದ ಒಂದು ಸಾಲು, ಅಷ್ಟೇ. ಅದರಲ್ಲಿ ವೈರಸ್ ಇಲ್ಲ. ಇದನ್ನು ಕಂಡರೆ ಕೂಗಬೇಕು ಅಂತ ಆಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿರುವ ಗುರುತು. ಹೊಸದು ತಕ್ಷಣ ಕೂಗಿತು, ಹುಡುಗ ಹೆಮ್ಮೆಯಿಂದ ನನ್ನ ಮುಖ ನೋಡಿದ. ಹಳೇದೂ ಕೂಗಿತು. ಮನೆಯ ಕಾಲಿಂಗ್ ಬೆಲ್ ಒತ್ತಿ ನೋಡಿದ ಹಾಗೆ ಇದು. ಬೆಲ್ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತದೆ, ಆದರೆ ಕಳ್ಳ ಬೆಲ್ ಒತ್ತಿ ಬರುತ್ತಾನಾ?

ಎರಡು ವರ್ಷದಿಂದ ಗಿರಾಕಿಗಳ ಪೆನ್‌ಡ್ರೈವ್‌ನಲ್ಲಿ ಸಿಕ್ಕ 41 ಅನುಮಾನದ ಫೈಲುಗಳನ್ನು ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಕೂಡಿಟ್ಟಿದ್ದೆ (ಪಾಸ್‌ವರ್ಡ್ ಇದ್ದರೆ ಆಂಟಿವೈರಸ್ಸಿಗೆ ಒಳಗಡೆ ಕಾಣುವುದಿಲ್ಲ, ಅದಕ್ಕೇ ಉಳಿದಿದ್ದವು). ಒಂದೊಂದನ್ನೂ ವೈರಸ್‌ಟೋಟಲ್‌ಗೆ ಹಾಕಿ ನೋಡಿದೆ. ಆ ವೆಬ್‌ಸೈಟಿನಲ್ಲಿ ಒಂದೇ ಫೈಲನ್ನು ಬೇರೆ ಬೇರೆ ಕಂಪನಿಗಳ ಹತ್ತಾರು ಆಂಟಿವೈರಸ್ ಎಂಜಿನ್‌ಗಳು ನೋಡುತ್ತವೆ. ಗಿರಾಕಿಗಳ ಸ್ವಂತ ದಾಖಲೆಗಳನ್ನು ಮಾತ್ರ ಅಲ್ಲಿ ಹಾಕಬೇಡಿ, ಅಲ್ಲಿಗೆ ಹೋದ ಫೈಲು ಬೇರೆಯವರ ಕೈಗೂ ಸಿಗುತ್ತದೆ. ಆರು ಫೈಲಿಗೆ ಒಂದೋ ಎರಡೋ ಎಂಜಿನ್ ಮಾತ್ರ ಕೆಂಪು ತೋರಿಸಿದವು. ಅನುಮಾನದ ಮೇಲೆ ಲೆಕ್ಕ ಹಾಕುವುದು ಬೇಡ ಅಂತ ಅವನ್ನು ಪಕ್ಕಕ್ಕಿಟ್ಟೆ. ಉಳಿದದ್ದು 35.

ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಸಿಸ್ಟಮ್‌ನಲ್ಲಿ ಒಂದರ ನಂತರ ಒಂದು ಆಂಟಿವೈರಸ್ ಹಾಕಿ ಈ ಫೈಲುಗಳನ್ನು ಸ್ಕ್ಯಾನ್ ಮಾಡಿದೆ. ಹಳೇದು 34, ಹೊಸದು 33. ಹಳೇದು ಗೆದ್ದಿತು ಅಂತ ಬರೆಯುವವನಿದ್ದೆ, ಆಮೇಲೆ ಹೊಳೆಯಿತು: ಈ ಫೈಲುಗಳಲ್ಲಿ ಜಾಸ್ತಿ ಪಾಲು ಹಳೇದೇ ಹಿಡಿದುಕೊಟ್ಟವು! ಪ್ರಶ್ನೆಪತ್ರಿಕೆ ಬರೆದವನೇ ಪರೀಕ್ಷೆಗೆ ಕೂತ ಹಾಗಾಯಿತು. ನೆಟ್ ಕಿತ್ತು ಮತ್ತೆ ಸ್ಕ್ಯಾನ್ ಮಾಡಿದಾಗ ಹಳೇದು 31, ಹೊಸದು ಬರೀ 24. ಹೊಸದರ ಅರ್ಧ ತಲೆ ಕಂಪನಿಯ ಸರ್ವರ್‌ನಲ್ಲಿದೆ, ಕೇಳಿಕೊಂಡು ಹೇಳುತ್ತದೆ. ನಮ್ಮಲ್ಲಿ ಕರೆಂಟ್ ಹೋದರೆ ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತದೆ, ಮೋಡೆಮ್ ಓಡುವುದಿಲ್ಲ, ಗಿರಾಕಿ ಪೆನ್‌ಡ್ರೈವ್ ಹಿಡಿದು ನಿಂತೇ ಇರುತ್ತಾನೆ.

ಹಾಗಂತ ಹೊಸದು ದಂಡ ಅಲ್ಲ. ಎರಡನೇ ವಾರ ಒಬ್ಬ ಹುಡುಗ ತಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಗೊತ್ತಲ್ವಾ ಇದು, ನಿಜವಾದ ಫೋಲ್ಡರನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ, ನಾವು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದೆಯೇ ವೈರಸ್ಸಿನ ಒಂದು ಸ್ಕ್ರಿಪ್ಟೂ (ಆಜ್ಞೆಗಳ ಸಣ್ಣ ಫೈಲು) ಓಡುತ್ತದೆ. ಅದನ್ನೂ ಮೂಲೆಯ ಸಿಸ್ಟಮ್‌ಗೆ ಹಾಕಿದೆ. ಸ್ಕ್ಯಾನ್ ಮಾಡಿದಾಗ ಎರಡೂ ಸುಮ್ನೆ ಇದ್ದವು. ಸ್ಕ್ರಿಪ್ಟನ್ನು ಯಾರೋ ಸ್ವಲ್ಪ ತಿದ್ದಿದ್ದರು ಅಂತ ಕಾಣುತ್ತದೆ, ಹಳೇ ಗುರುತಿಗೆ ತಾಳೆ ಆಗಲಿಲ್ಲ. ಆಮೇಲೆ ಶಾರ್ಟ್‌ಕಟ್ ಒತ್ತಿದೆ. ಹಳೇದು ಆಗಲೂ ಮಾತಾಡಲಿಲ್ಲ, ನಾನು ಹಾಕಿದ ಇನ್ನೊಂದು ಖಾಲಿ ಪೆನ್‌ಡ್ರೈವ್‌ಗೂ ಅದು ಹತ್ತಿಕೊಂಡಿತು. ಹೊಸದು ಮಾತ್ರ, ಸ್ಕ್ರಿಪ್ಟು ಫೋಲ್ಡರ್ ಬಚ್ಚಿಡುವುದಕ್ಕೆ ಶುರು ಮಾಡಿದ ಕೂಡಲೇ, ಕೈ ಹಿಡಿದು ನಿಲ್ಲಿಸಿತು. ಫೈಲಿನ ಮುಖ ನೋಡುವುದು ಬೇರೆ, ಅದರ ನಡತೆ ನೋಡುವುದು ಬೇರೆ. ಬರೀ ಫೋಲ್ಡರ್ ಸ್ಕ್ಯಾನ್ ಮಾಡಿ ಅಂಕ ಕೊಟ್ಟಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆದರೆ ಅದೇ ನಡತೆ ನೋಡುವ ಬುದ್ಧಿ ನನಗೆ ತಿರುಗಿ ಹೊಡೆಯಿತು. ಒಂದು ಸಂಜೆ, ಗೃಹಪ್ರವೇಶದ ಕಾರ್ಡು ಅರ್ಧ ಟೈಪ್ ಆಗಿತ್ತು, ಗುಬ್ಬಿ ಬಸ್ಸಿಗೆ ಹೋಗಬೇಕಾದ ಗಿರಾಕಿ ಬಾಗಿಲಲ್ಲೇ ನಿಂತಿದ್ದರು, ಕನ್ನಡ ಅಕ್ಷರ ಬರುವುದೇ ನಿಂತುಹೋಯಿತು. ನೋಡಿದರೆ ಹೊಸದು ನುಡಿಯನ್ನೇ ವೈರಸ್ ಅಂತ ಕ್ವಾರಂಟೈನ್‌ಗೆ ಹಾಕಿದೆ! ಕಾರಣ ಇದೆ. ನುಡಿಯಂಥ ಕನ್ನಡ ಟೈಪಿಂಗ್ ತಂತ್ರಾಂಶ ನಾವು ಒತ್ತುವ ಪ್ರತಿ ಕೀಲಿಯನ್ನೂ ಮಧ್ಯದಲ್ಲೇ ಹಿಡಿದು ಕನ್ನಡ ಅಕ್ಷರ ಮಾಡಿಕೊಡುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಪ್ರತಿ ಕೀಲಿಯನ್ನೂ ಹೀಗೇ ಹಿಡಿಯುತ್ತದೆ. ದೂರದಲ್ಲಿ ಕೂತು ಈ ಆಂಟಿವೈರಸ್ ಬರೆದವರಿಗೆ ನುಡಿ ಯಾವುದು ಅಂತ ಗೊತ್ತಿರಬೇಕಲ್ಲ! ವಾಪಸ್ ತಂದು, ಇದನ್ನು ಮುಟ್ಟಬೇಡ ಅಂತ ಪಟ್ಟಿಗೆ ಸೇರಿಸಿದೆ. ಮುಂದಿನ ಅಪ್‌ಡೇಟ್ ಆದ ಮೇಲೆ ಮತ್ತೆ ಅದೇ ಕಥೆ. ಹಳೇದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗೆ ಮಾಡಿರಲಿಲ್ಲ. ನನ್ನಂಥವನಿಗೆ ಇದು ವೈರಸ್ ಬಿಟ್ಟಷ್ಟೇ ನಷ್ಟ.

ವೇಗದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಎರಡನ್ನೂ ಒಂದೇ ಸಿಸ್ಟಮ್‌ನಲ್ಲಿ ಹಾಕಿದರೆ ಜಗಳ ಆಡುತ್ತವೆ, ಆ ಯೋಚನೆ ಬಿಟ್ಟೆ. ಈಗ ಮೂಲೆಯ ಸಿಸ್ಟಮನ್ನು ಒರೆಸಿ ಬಾಗಿಲ ಹತ್ತಿರ ಇಟ್ಟು ಹೊಸದನ್ನು ಹಾಕಿದ್ದೇನೆ. ಬಂದ ಪೆನ್‌ಡ್ರೈವ್ ಎಲ್ಲಾ ಮೊದಲು ಅಲ್ಲಿಗೆ, ಕರೆಂಟ್ ಇಲ್ಲದಿದ್ದರೆ ಗಿರಾಕಿ ಕಾಯಬೇಕು. ನುಡಿ ಇರುವ ಟೈಪಿಂಗ್ ಸಿಸ್ಟಮ್‌ಗೆ ಹಳೇದೇ. ಲೆಕ್ಕ ಬರೆಯುವ ಮೂರನೆಯದಕ್ಕೆ ಪೆನ್‌ಡ್ರೈವ್ ಹಾಕುವುದೇ ಇಲ್ಲ, ಅದಕ್ಕೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು. ಹುಡುಗ ಮೂರು ಲೈಸೆನ್ಸಿನ ಬಿಲ್ ಬರೆದುಕೊಂಡು ಬಂದಿದ್ದ. ಎರಡು ಹೊಡೆದುಹಾಕಿಸಿ ಒಂದರ ದುಡ್ಡು ಕೊಟ್ಟು ಕಳಿಸಿದೆ.