ಸೆಕ್ಯುರಿಟಿ ಪ್ಲಗಿನ್: ಕಾವಲು ಚೆನ್ನಾಗಿದೆ, ರೀಇನ್‌ಸ್ಟಾಲ್ ಮಾತ್ರ ತಲೆನೋವು

ತಂಗಿಯ ಸೀರೆ ಅಂಗಡಿಯ ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ, ನೋಡಿಕೊಳ್ಳುವುದು ನಾನು. ಹಲವು ವರ್ಷಗಳಿಂದ ಒಂದೇ ಸೆಕ್ಯುರಿಟಿ ಪ್ಲಗಿನ್ (ಸೈಟ್ ಕಾಯಲು ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಬಳಸುತ್ತಿದ್ದೇನೆ. ದಾಳಿ ತಡೆಯುವ ಫೈರ್‌ವಾಲ್, ಮಾಲ್‌ವೇರ್ ಸ್ಕ್ಯಾನ್, ಲಾಗಿನ್ ರಕ್ಷಣೆ ಎಲ್ಲ ಒಂದರಲ್ಲೇ ಇದೆ. ಉಚಿತ ಆವೃತ್ತಿಯೇ ಸಾಕಾಗಿದೆ. 'ಅಡ್ಮಿನ್' ಅನ್ನೋ ಹೆಸರಲ್ಲಿ ಪಾಸ್‌ವರ್ಡ್ ಊಹಿಸುತ್ತಾ ಕೂರುವ ಬಾಟ್‌ಗಳನ್ನು ಇದು ಸುಮ್ಮನೆ ಬಿಟ್ಟಿಲ್ಲ. ವರ್ಡ್‌ಪ್ರೆಸ್‌ನ ಮೂಲ ಫೈಲ್ ಯಾವುದಾದರೂ ಬದಲಾಗಿದ್ದರೆ ಸ್ಕ್ಯಾನ್ ಮುಗಿದ ಕೂಡಲೇ ಮೇಲ್ ಬರುತ್ತದೆ. ಆ ಕೆಲಸಕ್ಕೆ ಪೂರ್ತಿ ಅಂಕ.

ತೊಂದರೆ ಬಂದಿದ್ದು ತೆಗೆದು ಮತ್ತೆ ಹಾಕಿದಾಗ. ಸ್ಕ್ಯಾನ್ ಅರ್ಧಕ್ಕೇ ನಿಲ್ಲುತ್ತಿತ್ತು. ಹೋಸ್ಟಿಂಗ್‌ನವರನ್ನು ಕೇಳಿದರೆ, "ಪ್ಲಗಿನ್ ಫೋಲ್ಡರ್ ಅಳಿಸಿ, ರೂಟ್‌ನಲ್ಲಿರೋ, ಅಂದ್ರೆ ಸೈಟ್‌ನ ಮುಖ್ಯ ಫೋಲ್ಡರ್‌ನಲ್ಲಿರೋ ಅದರ ಫೈರ್‌ವಾಲ್ ಫೈಲನ್ನೂ ಅಳಿಸಿ, ಹೊಸದಾಗಿ ಹಾಕಿ ಸರ್" ಅಂದರು. ಅಳಿಸಿದ್ದೇ ತಡ, ಇಡೀ ಸೈಟ್ ಬೆಳ್ಳಗಾಯಿತು. ಅದೂ ದಸರಾ ಆರ್ಡರ್‌ಗಳ ಹೊತ್ತಿನಲ್ಲಿ. ಅಡ್ಮಿನ್ ಪುಟವೂ ತೆರೆಯಲಿಲ್ಲ.

ಎರರ್ ಲಾಗ್‌ನಲ್ಲಿ ಕಂಡಿದ್ದು 'ಫೇಲ್ಡ್ ಓಪನಿಂಗ್ ರಿಕ್ವೈರ್ಡ್'. ಯಾವ ಫೈಲ್‌ನಲ್ಲಿ ತಪ್ಪು ಅಂದರೆ 'ಅನ್‌ನೋನ್', ಸಾಲು 0. ಈ ಸೊನ್ನೆಯೇ ಸುಳಿವು: ಸೈಟ್‌ನ ಯಾವ ಫೈಲೂ ಓಡುವ ಮೊದಲೇ ತಪ್ಪಾಗಿದೆ. ರೂಟ್ ಫೋಲ್ಡರ್‌ನಲ್ಲಿ 'ಡಾಟ್ ಯೂಸರ್ ಡಾಟ್ ಐಎನ್‌ಐ' ಎಂಬ ಅಡಗಿದ ಫೈಲ್ ಇರುತ್ತದೆ. ಅದರಲ್ಲಿ ಪ್ಲಗಿನ್ 'ಆಟೋ ಪ್ರಿಪೆಂಡ್ ಫೈಲ್' ಎಂಬ ಸಾಲು ಬರೆದಿರುತ್ತದೆ. ಯಾವುದೇ ಪುಟ ತೆರೆಯುವ ಮೊದಲು ಈ ಫೈರ್‌ವಾಲ್ ಫೈಲನ್ನು ಓಡಿಸು ಅಂತ, ವರ್ಡ್‌ಪ್ರೆಸ್ ಕೋಡನ್ನು ಓಡಿಸುವ ಪಿಎಚ್‌ಪಿಗೆ ಅದು ಹೇಳುತ್ತದೆ. ಫೈಲ್ ಹೋಯಿತು, ಸಾಲು ಉಳಿಯಿತು. ಪ್ಲಗಿನ್ ಕೆಟ್ಟಾಗ ಅಡ್ಮಿನ್‌ಗೆ ಒಳಬರಲು ಬಿಡುವ, ವರ್ಡ್‌ಪ್ರೆಸ್ 5.2ರಿಂದ ಬಂದ ರಿಕವರಿ ಮೋಡ್ ಕೂಡ ಇಲ್ಲಿ ನೆರವಾಗುವುದಿಲ್ಲ. ವರ್ಡ್‌ಪ್ರೆಸ್ ಶುರುವೇ ಆಗಿರುವುದಿಲ್ಲ ಅಲ್ವಾ!

ಸಾಲು ತೆಗೆದ ಮೇಲೂ ಸೈಟ್ ತಕ್ಷಣ ಬರಲಿಲ್ಲ. ಗಾಬರಿಯಾಗಿ ಬೇರೆ ಏನೇನೋ ಅಳಿಸಲು ಹೋಗಬೇಡಿ. ಪಿಎಚ್‌ಪಿ ಆ ಐಎನ್‌ಐ ಫೈಲನ್ನು ಸಾಮಾನ್ಯವಾಗಿ 300 ಸೆಕೆಂಡಿಗೊಮ್ಮೆ ಮಾತ್ರ ಹೊಸದಾಗಿ ಓದುತ್ತದೆ. ಐದು ನಿಮಿಷ ಕಾಯಿರಿ.

ಮತ್ತೆ ಇನ್‌ಸ್ಟಾಲ್ ಮಾಡಿದೆ. ಹಳೆಯ ಸೆಟ್ಟಿಂಗ್‌ಗಳೆಲ್ಲ ಹಾಗೇ ಇದ್ದವು, ನಿಂತ ಸ್ಕ್ಯಾನ್ ಕೂಡ ಇನ್ನೂ 'ನಡೆಯುತ್ತಿದೆ' ಅಂತಲೇ ತೋರಿಸುತ್ತಿತ್ತು. ಎಫ್‌ಟಿಪಿಯಿಂದ (ಸರ್ವರ್‌ನ ಫೈಲ್‌ಗಳನ್ನು ನೇರವಾಗಿ ಮುಟ್ಟುವ ದಾರಿ) ಫೋಲ್ಡರ್ ಅಳಿಸಿದರೆ, ಸೆಟ್ಟಿಂಗ್‌ಗಳಿರುವ ಡೇಟಾಬೇಸ್‌ನ ಟೇಬಲ್‌ಗಳು ಹೋಗುವುದಿಲ್ಲ. ಅವನ್ನು ಅಳಿಸುವ ಕೋಡ್ ಓಡುವುದೇ ಇಲ್ಲ.

ಕೊನೆಗೆ ಕೆಲಸ ಮಾಡಿದ ದಾರಿ ಇದು. ಬ್ಯಾಕಪ್ ತೆಗೆದುಕೊಂಡೆ, ಸೆಟ್ಟಿಂಗ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಂಡೆ. ಡಿಆಕ್ಟಿವೇಟ್ ಮಾಡಿದಾಗ ಡೇಟಾ ಅಳಿಸುವ ಆಯ್ಕೆ ಪ್ಲಗಿನ್ ಒಳಗೇ ಇದೆ, ಅದನ್ನು ಆನ್ ಮಾಡಿದೆ. ಆಮೇಲೆ ಪ್ಲಗಿನ್ಸ್ ಪುಟದಿಂದಲೇ ಡಿಆಕ್ಟಿವೇಟ್, ಡಿಲೀಟ್. ಕಂಟೆಂಟ್ ಫೋಲ್ಡರ್‌ನಲ್ಲಿ ಉಳಿದಿದ್ದ ಹಳೆಯ ಲಾಗ್ ಫೋಲ್ಡರ್ ತೆಗೆದೆ. ಹೊಸದಾಗಿ ಹಾಕಿದ ಮೇಲೆ ಸ್ಕ್ಯಾನ್ ಪೂರ್ತಿ ಮುಗಿಯಿತು. ಎರಡು ಹಂತದ ಲಾಗಿನ್ ಇಟ್ಟುಕೊಂಡವರು ಅದನ್ನು ಮತ್ತೆ ಹೊಂದಿಸಬೇಕಾಗಬಹುದು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಡೇಟಾ ಅಳಿಸುವ ಆಯ್ಕೆಯನ್ನು ಸೆಟ್ಟಿಂಗ್‌ಗಳ ಮೂಲೆಯಲ್ಲಿ ಬಚ್ಚಿಟ್ಟಿದ್ದಕ್ಕೆ ಒಂದು ಕಡಿಮೆ. ಡಿಲೀಟ್ ಒತ್ತುವಾಗಲೇ ಅದನ್ನು ಕೇಳಬೇಕಿತ್ತು. ಮತ್ತೆ ಹಾಕಿದವರು ಫೈರ್‌ವಾಲ್ ಪುಟವನ್ನೂ ತಪ್ಪದೆ ನೋಡಿ. ಆ ಆಟೋ ಪ್ರಿಪೆಂಡ್ ಸಾಲನ್ನು ಪ್ಲಗಿನ್‌ನಿಂದ ಮತ್ತೆ ಬರೆಸುವ ತನಕ, ಫೈರ್‌ವಾಲ್ ಆನ್ ಅಂತ ತೋರಿಸಿದರೂ ವರ್ಡ್‌ಪ್ರೆಸ್ ಜೊತೆಗೇ ಏಳುತ್ತದೆ, ಅದಕ್ಕಿಂತ ಮುಂಚೆ ಅಲ್ಲ.